ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟವಳು

ನಮ್ಮ ನೇಕಾರರ ಊರು ಮಜಲಾಯದ ಹೆಂಗಸರೆಲ್ಲ ಗಟ್ಟಿಗಂಟಲಿನವರೇ. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಕಡೆ ಪಿಸುಮಾತಾಡಿದರೆ ಯಾರಿಗೆ ಕೇಳಬೇಕು? ಅವರಲ್ಲೂ ಇಮಾಸಳ ಗಂಟಲೇ ಗಂಟಲು. ಅವಳು ಹಿತ್ತಿಲಲ್ಲಿ ನಿಂತು ಗಂಡನನ್ನು ಊಟಕ್ಕೆ ಕೂಗಿದರೆ, ಮಸೀದಿಯ ಮುಂದೆ ಜಟಕಾ ನಿಲ್ಲಿಸಿಕೊಂಡು ತೂಕಡಿಸುತ್ತಿದ್ದ ಓಮಾನನಿಗಿಂತ ಮೊದಲು ಅವನ ಕುದುರೆ ಎಚ್ಚೆತ್ತು ಮನೆಯ ಕಡೆ ತಿರುಗುತ್ತಿತ್ತು. ಸುಳ್ಳಲ್ಲ, ಕಣ್ಣಾರೆ ಕಂಡವರಿದ್ದಾರೆ.

ಇಪ್ಪತ್ತಾರು ವರ್ಷ ಅವಳು ಹೊಳೆಯಂಚಿನ ಮಿಲ್ಲಿನ ಮೂರನೇ ಶೆಡ್ಡಿನಲ್ಲಿ ಗಂಡಸರು ಸೊಂಟಕ್ಕೆ ಸುತ್ತುವ ಚೌಕಳಿ ಸಾರುಂಗ್ ನೇಯ್ದಳು. ಹೊಸಬರು ನಾಲ್ಕು ಮಗ್ಗ ನೋಡಿಕೊಳ್ಳುವಷ್ಟರಲ್ಲೇ ಉಸ್ಸಪ್ಪಾ ಎನ್ನುತ್ತಿದ್ದರೆ ಇವಳು ಎಂಟು ಮಗ್ಗ ನೋಡಿಕೊಂಡು, ನಡುವೆ ನಾಲ್ಕು ಜನರ ಸಂಸಾರದ ಸುದ್ದಿಯನ್ನೂ ವಿಚಾರಿಸಿಕೊಳ್ಳುತ್ತಿದ್ದಳು. ಎಳೆ ತುಂಡಾದರೆ ಕಣ್ಣಿಗೆ ಕಾಣುವ ಮೊದಲೇ ಅವಳ ಕಿವಿಗೆ ಗೊತ್ತಾಗುತ್ತಿತ್ತು. "ಐದನೇದು ಕೆಮ್ತಾ ಇದೆ" ಎಂದು ಹೋಗಿ ಎರಡು ಬೆರಳಲ್ಲಿ ಗಂಟು ಹಾಕಿದರೆ ಲಾಳಿ ಮತ್ತೆ ಓಡತೊಡಗುತ್ತಿತ್ತು. ಹೊಳೆ ಉಕ್ಕಿ ಊರೊಳಗೆ ನೀರು ನುಗ್ಗಿದ ವರ್ಷಗಳಲ್ಲೂ ಚಪ್ಪಲಿ ಕೈಯಲ್ಲಿ ಹಿಡಿದು, ಸೊಂಟಮಟ್ಟದ ನೀರಲ್ಲಿ ನಡೆದು, ಹೊತ್ತಿಗೆ ಹತ್ತು ನಿಮಿಷ ಮೊದಲೇ ಗೇಟಿನ ಮುಂದೆ ನಿಂತವಳು ಅವಳು.

"ಈ ಊರಿನ ಗಂಡಸರ ಮಾನ ನನ್ನ ಕೈಯಲ್ಲಿದೆ ಕಣ್ರೇ" ಎಂದು ಜೊತೆಯವರಿಗೆ ಹೇಳುತ್ತಿದ್ದಳು. "ನಾನೊಂದಿನ ಎಳೆ ಸಡಿಲ ಬಿಟ್ಟೆ ಅನ್ನಿ, ಮಸೀದಿ ಮೆಟ್ಟಿಲ ಮೇಲೆ ಎಷ್ಟು ಜನರ ಸಾರುಂಗ್ ಜಾರುತ್ತೋ ದೇವರೇ ಬಲ್ಲ!"

ಜಂಬದ ಹೆಂಗಸು ಎನ್ನುವವರು ಎನ್ನಲಿ. ಆ ಜಂಬಕ್ಕೆ ಅವಳು ಇಪ್ಪತ್ತಾರು ವರ್ಷದ ಬೆವರು ಸುರಿಸಿದ್ದಳು. ಕೆಲಸವಿಲ್ಲದೆ ಕೂತವರನ್ನು ಕಂಡರೆ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕೈಕಾಲು ಗಟ್ಟಿಯಿದ್ದವರಿಗೆ ಕೆಲಸ ಸಿಗುವುದಿಲ್ಲ ಎಂದರೆ ಏನರ್ಥ, ಸೋಮಾರಿಗಳು ಹೇಳುವ ನೆಪ ಅದು ಎಂದುಕೊಂಡಿದ್ದಳು.

ಹೊರದೇಶದಿಂದ ಹಡಗಿನಲ್ಲಿ ಬಂದಿಳಿದ ಅಗ್ಗದ ಬಟ್ಟೆ ಊರ ಸಂತೆಗೂ ಬಂತು. ನಮ್ಮ ಮಿಲ್ಲು ನೂಲು ಕೊಳ್ಳುವ ಬೆಲೆಗೆ ಅವರು ಹೊಲಿದ ಸಾರುಂಗನ್ನೇ ಮಾರುತ್ತಿದ್ದರು. ಮೂರು ಪಾಳಿ ಎರಡಾಯಿತು, ಎರಡು ಒಂದಾಯಿತು. ಆಮೇಲೆ ಒಂದು ದಿನ ನೋಟೀಸು ಅಂಟಿಸಿದರು: ಸದ್ಯಕ್ಕೆ ಎಲ್ಲರೂ ಮನೆಯಲ್ಲಿರಿ, ಕರೆದಾಗ ಬನ್ನಿ. ತೆಗೆದೂ ಹಾಕಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಇಂಥದ್ದಕ್ಕೆ ನಮ್ಮಲ್ಲಿ 'ಮನೆಗೆ ಕೂರಿಸುವುದು' ಎಂದೇ ಹೆಸರು. ಮದುವೆಯಾಗದ ಮಗಳನ್ನು ಕೂರಿಸಿಕೊಂಡ ಹಾಗೆ!

ಮೂರು ವಾರ ಕಳೆದ ಮೇಲೆ ಕರೆ ಬಂತು. ಮೂರನೇ ಶೆಡ್ಡಿನ ಅರವತ್ತನಾಲ್ಕು ಹೆಂಗಸರೂ ಹಬ್ಬಕ್ಕೆ ಹೋಗುವವರ ಹಾಗೆ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಹೋದರು. ಒಳಗೆ ನೋಡಿದರೆ ಮೇಜಿನ ಮೇಲೆ ತುಂಪೆಂಗ್! ಗೋಪುರದ ಹಾಗೆ ನಿಲ್ಲಿಸಿದ ಹಳದಿ ಅನ್ನ, ಸುತ್ತ ಕರಿದ ಕೋಳಿ, ಮೊಟ್ಟೆ, ಎಳೆ ಸೌತೆ. ಪಕ್ಕದಲ್ಲಿ ಚಿನ್ನದ ಅಂಚಿನ ಪ್ರಶಸ್ತಿಪತ್ರಗಳ ರಾಶಿ. ಅದರ ಪಕ್ಕದಲ್ಲಿ ಬೆರಳಚ್ಚು ಮಾಡಿದ ಕಾಗದಗಳ ಇನ್ನೊಂದು ರಾಶಿ.

ಸಿಬ್ಬಂದಿ ವಿಭಾಗದ ಗುನಾದಿ ಎದ್ದು ನಿಂತ. ಇಪ್ಪತ್ತು ವರ್ಷದಿಂದ "ಏ, ಎಂಟು ಮಗ್ಗ, ಬಾ ಇಲ್ಲಿ" ಎಂದು ಕರೆಯುತ್ತಿದ್ದವನು ಅಂದು "ಇಬು ಇಮಾಸ್, ಬನ್ನಿ, ಮುಂದೆ ಬನ್ನಿ" ಎಂದ. ಇಬು ಎಂದರೆ ನಮ್ಮಲ್ಲಿ ತಾಯಿಗೆ, ಮೇಷ್ಟ್ರಮ್ಮನಿಗೆ, ದೊಡ್ಡವರಿಗೆ ಹೇಳುವ ಮಾತು. ತುಂಪೆಂಗಿನ ತುದಿಯನ್ನು ಕತ್ತರಿಸಿ, ಬಾಳೆಲೆಯ ಮೇಲಿಟ್ಟು, ಎರಡೂ ಕೈಯಿಂದ ಅವಳ ಮುಂದೆ ಹಿಡಿದ. ಆ ತುದಿ ಸಭೆಯಲ್ಲಿ ಎಲ್ಲರಿಗಿಂತ ಗೌರವಸ್ಥರಿಗೆ ಸಲ್ಲಬೇಕಾದದ್ದು. ಇಮಾಸಳ ಕಣ್ಣು ತುಂಬಿತು.

ಆಮೇಲೆ ಗುನಾದಿ ಕಾಗದ ತೆಗೆದ.

"ನೋಡಿ ಇಬು, ಶೆಡ್ಡು ಮುಚ್ತಾ ಇದೀವಿ. ಎರಡು ದಾರಿ ಇದೆ. ಒಂದು, ಮಿಲ್ಲು ನಿಮ್ಮನ್ನ ತೆಗೆದುಹಾಕಿತು ಅಂತ ಬರೆಯೋದು. ನಾಳೆ ಬೇರೆ ಕಡೆ ಕೆಲಸ ಕೇಳಿದ್ರೆ, ಯಾಕಮ್ಮ ತೆಗೆದ್ರು ಅಂತಾರೆ. ಇನ್ನೊಂದು, ನೀವೇ ಸ್ವಂತ ಇಚ್ಛೆಯಿಂದ ಗೌರವವಾಗಿ ಬಿಟ್ರಿ ಅಂತ. ನಿಮ್ಮಂಥವರನ್ನ ತೆಗೆದುಹಾಕಿದ್ವಿ ಅಂತ ಬರೆಯೋಕೆ ನನ್ನ ಕೈ ಬರಲ್ಲ."

ಇಮಾಸ್ ಕಾಗದವನ್ನು ಎರಡು ಸಲ ಓದಿದಳು. 'ತೆಗೆದುಹಾಕುವುದು' ಎಂಬ ಮಾತು ಅವಳಿಗೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಂತಾಯಿತು. ಹರಿದ ನೂಲನ್ನು ತೆಗೆದುಹಾಕುತ್ತಾರೆ, ಕೊಳೆತ ತರಕಾರಿಯನ್ನು ತೆಗೆದುಹಾಕುತ್ತಾರೆ. ಇಮಾಸಳನ್ನು?

"ನನ್ನನ್ನ ಯಾರೂ ತೆಗೆದುಹಾಕಲ್ಲ" ಎಂದು ಇಡೀ ಶೆಡ್ಡಿಗೆ ಕೇಳುವಂತೆ ಹೇಳಿದಳು. "ನಾನೇ ಬಿಡ್ತಿದೀನಿ." ಸಹಿ ಹಾಕಿದಳು.

ಹಿಂದೆ ಅರವತ್ತಮೂರು ಜನ ಸಾಲು ನಿಂತರು. ಗೌರವದ ಅನ್ನ ತಿಂದ ಮೇಲೆ ಮೇಜಿನ ಮುಂದೆ ಚೌಕಾಶಿಗೆ ನಿಲ್ಲುವುದುಂಟೆ? ಇಮಾಸ್ ಹಾಕಿದ ಮೇಲೆ ಓದುವುದಾದರೂ ಏನಿದೆ? ಎಲ್ಲರೂ ಹಾಕಿದರು. ಕೈಗೆ ಒಂದಿಷ್ಟು ದುಡ್ಡಿನ ಲಕೋಟೆ, ಒಂದು ಪ್ರಶಸ್ತಿಪತ್ರ ಬಂತು. ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ಮುಂದಿನ ಸಾಲಿನ ಮಧ್ಯದಲ್ಲಿ ಇಮಾಸ್ ರಾಣಿಯ ಹಾಗೆ ನಿಂತಿದ್ದಾಳೆ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ!

ಮನೆಯಲ್ಲಿ ಓಮಾನ್ ಪ್ರಶಸ್ತಿಪತ್ರವನ್ನು ಗೋಡೆಗೆ ಹೊಡೆಯುತ್ತ, "ಚೆನ್ನಾಗಿದೆ. ಇದನ್ನ ಕುದುರೆಗೆ ತೋರಿಸ್ಲಾ? ಹುಲ್ಲಿನ ಬದಲು ಇದನ್ನ ನೋಡ್ಕೊಂಡಿರ್ಲಿ" ಎಂದ. ಇಮಾಸ್ ಸೌಟು ಎತ್ತಿದ್ದರಿಂದ ಮಾತು ಅಲ್ಲಿಗೇ ನಿಂತಿತು.

ಮಿಲ್ಲು ನಿಂತರೆ ನೇಕಾರರ ಕೆಲಸ ಹೋಯಿತು ಎಂದು ಓದಿದವರು ಬರೆಯುತ್ತಾರೆ. ಅಷ್ಟಕ್ಕೇ ನಿಂತರೆ ಹೇಗೋ ತಡೆದುಕೊಳ್ಳಬಹುದಿತ್ತು. ಬೆಳಗಿನ ಪಾಳಿಯವರಿಲ್ಲ ಎಂದ ಮೇಲೆ ಓಮಾನನ ಜಟಕಾಕ್ಕೆ ಹತ್ತುವವರಿಲ್ಲ. ಗೇಟಿನ ಎದುರು ಅನ್ನ, ಮೆಣಸಿನ ಸಾಂಬಾಲ್ ಚಟ್ನಿ, ಉಪ್ಪುಮೀನು ಮಾರುತ್ತಿದ್ದವಳು ಮೊದಲು ಅರ್ಧ ಪಾತ್ರೆ ಬೇಯಿಸಿದಳು, ಆಮೇಲೆ ಒಲೆಯನ್ನೇ ಹಚ್ಚಲಿಲ್ಲ. ಅವಳು ಒಲೆ ಹಚ್ಚದಿದ್ದಕ್ಕೆ ಮೀನಿನವನು ನಮ್ಮ ಬೀದಿಗೆ ಬರುವುದನ್ನು ಬಿಟ್ಟ. ಬಾಡಿಗೆ ಕೋಣೆಗಳು ಖಾಲಿಯಾದವು, ಮಗ್ಗ ರಿಪೇರಿಯವನು ಸೈಕಲ್ ಪಂಕ್ಚರ್ ಹಾಕಲು ಕೂತ, ಸೈಕಲ್ ತುಳಿಯುವವರೂ ಮನೆಯಲ್ಲಿದ್ದರು. ಎಲ್ಲರೂ ಕೈ ಬಿಗಿಹಿಡಿದರು, ಹಿಡಿದಷ್ಟೂ ಊರು ಬಡಕಲಾಯಿತು. ಒಂದು ಎಳೆ ಕಿತ್ತಾಗಲೇ ಮಗ್ಗ ನಿಲ್ಲಿಸದಿದ್ದರೆ ಇಡೀ ಹಾಸೇ ಕೆಡುತ್ತದೆ, ನೇಕಾರರ ಊರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇಮಾಸ್ ಮಾತ್ರ ಬಗ್ಗಲಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು ಸಮವಸ್ತ್ರ ಹಾಕಿಕೊಂಡು ಅಂಗಳ ಗುಡಿಸುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬೀದಿಯವರು ಹಿಂದಿನಿಂದ ನಕ್ಕರು, ಮುಂದೆ ನಗಲು ಯಾರಿಗಿದೆ ಧೈರ್ಯ? ಒಂದು ದಿನ ಅಂಕಿಅಂಶ ಕಚೇರಿಯ ಹುಡುಗಿ ಬಂದು, ಹತ್ತು ಮನೆ ಆರಿಸಿದ್ದೇವೆ, ಅದರಲ್ಲಿ ನಿಮ್ಮದೂ ಒಂದು ಎಂದಳು.

"ಕಳೆದ ವಾರ ದುಡ್ಡಿಗಾಗಿ ಒಂದು ಗಂಟೆಯಾದರೂ ಕೆಲಸ ಮಾಡಿದೀರಾ ಇಬು?"

ಮಂಗಳವಾರ ಪಕ್ಕದ ಮನೆಯಲ್ಲಿ ಪುರಿ ಉಂಡೆ ಕಟ್ಟಲು ಕೂತು, ನಾಲ್ಕು ಉಂಡೆ ಮತ್ತು ಸ್ವಲ್ಪ ಚಿಲ್ಲರೆ ತಂದಿದ್ದಳು. "ಒಂದೇನು, ಎರಡು ಗಂಟೆ ಮಾಡಿದೀನಿ!"

"ಹಾಗಾದ್ರೆ ನೀವು ಕೆಲಸದಲ್ಲಿದೀರಿ" ಎಂದು ಹುಡುಗಿ ಕೈಯಲ್ಲಿದ್ದ ಫೋನಿನಲ್ಲಿ ಒತ್ತಿಕೊಂಡಳು.

ಅಂದು ಸಂಜೆ ಇಮಾಸ್ ಗಂಡನಿಗೆ ಹೇಳಿದಳು, "ಕೇಳ್ದೆಯಾ? ಸರ್ಕಾರದ ಲೆಕ್ಕದಲ್ಲೂ ನಾನು ಕೆಲಸದಲ್ಲಿದೀನಿ."

"ಹಾಗಾದ್ರೆ ಸರ್ಕಾರಕ್ಕೇ ಹೇಳು, ಅಕ್ಕಿ ಡಬ್ಬಿ ತೆಗೆದು ನೋಡ್ಲಿ" ಎಂದ ಓಮಾನ್.

ಮರುದಿನ ಮಧ್ಯಾಹ್ನ ವಿವಿನ್ ಬಂದಳು. ಅವಳು ಇಮಾಸಳ ಪಕ್ಕದ ಸಾಲಿನ ಮಗ್ಗದವಳು. ಇಪ್ಪತ್ತೇಳು ವರ್ಷ, ಎರಡು ಮಕ್ಕಳು, ಕಲಿಮಂತನ್ ದ್ವೀಪಕ್ಕೆ ದುಡಿಯಲು ಹೋದ ಗಂಡನಿಂದ ದುಡ್ಡೂ ಇಲ್ಲ, ಸುದ್ದಿಯೂ ಇಲ್ಲ. ಗಂಟು ಹಾಕುವುದನ್ನು ಅವಳಿಗೆ ಕಲಿಸಿದ್ದೇ ಇಮಾಸ್. ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

"ತೇತೆ, ಕೆಲಸ ಕಳ್ಕೊಂಡವರಿಗೆ ಆರು ತಿಂಗಳು ಸಹಾಯಧನ ಕೊಡ್ತಾರಂತಲ್ಲ, ಅಲ್ಲಿಗೆ ಹೋಗಿದ್ದೆ" ಎಂದಳು. ತೇತೆ ಎಂದರೆ ಅಕ್ಕ, ನೆಂಗ್ ಎಂದರೆ ತಂಗಿ.

"ಏನಂದ್ರು ನೆಂಗ್?"

"ನೀವು ಕೆಲಸ ಕಳ್ಕೊಂಡಿಲ್ಲ, ಸ್ವಂತ ಇಚ್ಛೆಯಿಂದ ಬಿಟ್ಟಿದೀರಿ, ಸಹಿ ಇದೆಯಲ್ಲ ಅಂದ್ರು. ಮಿಲ್ಲಿಂದ ಬರಬೇಕಾದ ಪರಿಹಾರನೂ ಅದೇ ಸಹಿಯಿಂದ ಹೋಯ್ತಂತೆ. ತೆಗೆದುಹಾಕಿದ್ರೆ ವರ್ಷಕ್ಕಿಷ್ಟು ಅಂತ ಕೊಡಲೇಬೇಕಿತ್ತಂತೆ. ಮಿಲ್ಲಿನವರು ಬರೆದು ಕೊಟ್ಟಿದಾರಂತೆ, ನಮ್ಮಲ್ಲಿ ಒಬ್ಬರ ಕೆಲಸವನ್ನೂ ತೆಗೆದಿಲ್ಲ ಅಂತ."

ಇಮಾಸ್ ಗೋಡೆಯ ಮೇಲಿನ ಪ್ರಶಸ್ತಿಪತ್ರದ ಕಡೆ ನೋಡಿದಳು. "ನೀನು ಓದಿ ಸಹಿ ಹಾಕ್ಬೇಕಿತ್ತು ನೆಂಗ್" ಎಂದಳು. ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು.

ವಿವಿನ್ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀವು ಹಾಕಿದ್ರಲ್ಲ ತೇತೆ" ಎಂದಳು, ಅಷ್ಟೇ.

ಅಂದು ಇಮಾಸ್ ಊಟ ಮಾಡಲಿಲ್ಲ. ಗೋಡೆಯ ಮೇಲಿನ ಪ್ರಶಸ್ತಿಪತ್ರವನ್ನು ಇಳಿಸಿ ಮಂಚದ ಕೆಳಗೆ ತಳ್ಳಿದಳು. ತಾನೊಬ್ಬಳೇ ಹಳ್ಳಕ್ಕೆ ಬಿದ್ದಿದ್ದರೆ ಎದ್ದು ಕೊಡವಿಕೊಂಡು ಹೋಗುತ್ತಿದ್ದಳು. ಹಿಂದೆ ಅರವತ್ತಮೂರು ಜನರನ್ನು ಎಳೆದುಕೊಂಡು ಬಿದ್ದಿದ್ದಳಲ್ಲ! ಓಮಾನ್ ಬಂದು ಪಕ್ಕದಲ್ಲಿ ಕೂತ. ಆಮೇಲೆ ಹೇಳಿದ, "ಕುದುರೆ ದಾರಿ ತಪ್ಪಿದ್ರೆ ಅದೇ ಕುದುರೆನೇ ತಿರುಗಿಸ್ಕೊಂಡು ಬರ್ಬೇಕು ಕಣೇ. ಗಾಡಿ ತಾನಾಗಿ ತಿರುಗಲ್ಲ."

ಮರುದಿನ ಅವಳು ಕಾರ್ಮಿಕ ಸಂಘದ ದೆದೆನ್ ಮನೆಯ ಬಾಗಿಲು ಬಡಿದಳು. ಅಲ್ಲಿಂದ ಅರವತ್ತಮೂರು ಮನೆಗಳ ಬಾಗಿಲು. ಒಂದೊಂದು ಬಾಗಿಲಲ್ಲೂ ಒಂದೇ ಮಾತು: "ನಾನು ತಪ್ಪು ಮಾಡ್ದೆ. ಬಾ, ಸರಿ ಮಾಡೋಣ." ಕೆಲವರು ಕೂತು ಅತ್ತರು. ಒಬ್ಬಳು, "ಆವತ್ತು ತುದಿ ಅನ್ನ ರುಚಿಯಾಗಿತ್ತಾ ತೇತೆ?" ಎಂದು ಕೇಳಿ ಬಾಗಿಲು ಹಾಕಿಕೊಂಡಳು. ಇಮಾಸ್ ಸಂಜೆ ಮತ್ತೆ ಅದೇ ಬಾಗಿಲಿಗೆ ಹೋದಳು. ವಾರದೊಳಗೆ ಅರವತ್ತಮೂರೂ ಹೆಸರು ದೂರಿನ ಮೇಲೆ ಬಂತು.

ಜಿಲ್ಲಾ ಕೇಂದ್ರ ಸೊರೆಯಾಂಗಿನ ಕಾರ್ಮಿಕ ಕಚೇರಿಯಲ್ಲಿ ಸಂಧಾನದ ದಿನ ಗೊತ್ತಾಯಿತು. ಹಿಂದಿನ ದಿನ ದೆದೆನ್ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ, "ತೇತೆ, ನಾಳೆ ನಿಮ್ಮನ್ನೇ ಮೊದಲು ಕೇಳ್ತಾರೆ. ನಂಗೆ ಓದೋಕೆ ಬರಲ್ಲ, ಅವರು ತೋರಿಸಿದ ಕಡೆ ಹಾಕ್ದೆ ಅಂದುಬಿಡಿ. ಸುಲಭವಾಗಿ ಮುಗಿಯುತ್ತೆ."

"ಓದೋಕೆ ಬರಲ್ಲ ಅನ್ಲಾ? ನಾನಾ?"

"ಅರವತ್ತಮೂರು ಜನ ತೇತೆ. ಒಂದೇ ಒಂದು ಸುಳ್ಳು."



ಕಚೇರಿಯ ಹಜಾರದಲ್ಲಿ ಅರವತ್ತನಾಲ್ಕು ಹೆಂಗಸರಿಗೆ ಕುರ್ಚಿ ಸಾಲಲಿಲ್ಲ, ಅರ್ಧಕ್ಕರ್ಧ ಜನ ಗೋಡೆಗೆ ಒರಗಿ ನಿಂತರು. ಸಂಧಾನ ಅಧಿಕಾರಿ ರತ್ನಾಸಿ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಗುನಾದಿ ಮೇಜಿನ ಮೇಲೆ ಆ ಫೋಟೋ ಇಟ್ಟ.

"ಬಲವಂತ ಎಲ್ಲಿದೆ ಹೇಳಿ ಇಬು? ನೋಡಿ, ಎಲ್ಲಾ ಹೇಗೆ ನಗ್ತಿದಾರೆ. ಊಟ ಹಾಕಿ, ಗೌರವ ಮಾಡಿ ಕಳಿಸಿದೀವಿ."

ರತ್ನಾಸಿ ಫೋಟೋ ನೋಡಿದರು, ಮಧ್ಯದಲ್ಲಿ ನಿಂತವಳನ್ನು ನೋಡಿದರು, ತಲೆಯೆತ್ತಿ ಇಮಾಸಳನ್ನು ನೋಡಿದರು. "ನಿಮಗೆ ಓದೋಕೆ ಬರುತ್ತಾ?"

ಇಮಾಸಳ ಎದುರಿಗೆ ದಾರಿ ಸಲೀಸಾಗಿತ್ತು. ಒಂದೇ ಮಾತು, ಅದೂ ಸಣ್ಣದು. ಅವಳು ವಿವಿನಳ ಕಡೆ ತಿರುಗಿ ನೋಡಿದಳು.

"ಬರುತ್ತೆ ಇಬು. ಚೆನ್ನಾಗೇ ಬರುತ್ತೆ."

ದೆದೆನ್ ಹಣೆಗೆ ಕೈಹಚ್ಚಿದ.

"ಹಾಗಾದ್ರೆ ಓದೇ ಸಹಿ ಹಾಕಿದ್ರಿ."

"ಎರಡು ಸಲ ಓದಿ ಹಾಕ್ದೆ. ಸುಳ್ಳು ಹೇಳಲ್ಲ. ತೆಗೆದುಹಾಕಿದ್ರು ಅನ್ನಿಸ್ಕೊಳ್ಳೋಕೆ ನಾಚಿಕೆ ಆಯ್ತು. ಇಪ್ಪತ್ತಾರು ವರ್ಷ ಎಂಟು ಮಗ್ಗ ನೋಡ್ಕೊಂಡವಳು ನಾನು. ನನ್ನ ಬಟ್ಟೆ ಒಂದು ಸಲನೂ ವಾಪಸ್ ಬಂದಿಲ್ಲ, ಬೇಕಾದ್ರೆ ಗುನಾದಿ ಸಾಹೇಬ್ರನ್ನೇ ಕೇಳಿ. ಅಂಥವಳು ಬೀದೀಲಿ ಹೇಗೆ ಹೇಳ್ಲಿ, ನನ್ನನ್ನ ತೆಗೆದ್ರು ಅಂತ? ಅದಕ್ಕೇ ಚೆನ್ನಾಗಿ ಕೇಳಿಸೋ ಮಾತಿಗೆ ಸಹಿ ಹಾಕ್ದೆ. ಅದು ನನ್ನ ಜಂಬ ಇಬು. ಈ ಅರವತ್ತಮೂರು ಜನ ಕಾಗದ ನೋಡಿ ಹಾಕ್ಲಿಲ್ಲ, ನನ್ನ ಮುಖ ನೋಡಿ ಹಾಕಿದ್ರು. ನನ್ನ ಸಹಿ ಬೇಕಾದ್ರೆ ಹಾಗೇ ಇರ್ಲಿ. ಇವರದನ್ನ ಬಿಡಿಸ್ಕೊಡಿ."

"ಕೇಳಿದ್ರಲ್ಲ" ಎಂದ ಗುನಾದಿ, ಸಮಾಧಾನದಿಂದ ಹಿಂದಕ್ಕೆ ಒರಗಿ. "ಅವರೇ ಒಪ್ಕೊಂಡ್ರು."

"ಏನು ಒಪ್ಕೊಂಡೆ?" ಇಮಾಸ್ ಅವನ ಕಡೆ ತಿರುಗಿದಳು. ಈಗ ಗಂಟಲು ತನ್ನ ಜಾಗಕ್ಕೆ ಬಂದಿತ್ತು. "ಸಹಿ ಹಾಕಿದ್ದು ಒಪ್ಕೊಂಡೆ. ಕೆಲಸ ಬಿಟ್ಟೆ ಅಂತ ಎಲ್ಲಿ ಒಪ್ಕೊಂಡೆ? ನಾನು ಕೆಲಸ ಬಿಟ್ಟಿಲ್ಲ, ಕೆಲಸ ಹೋಯ್ತು. ನಾನೀಗ ನಿರುದ್ಯೋಗಿ. ಸೋಮಾರಿ ಅಲ್ಲ, ದಡ್ಡಿ ಅಲ್ಲ, ಕೈ ನಡುಗಲ್ಲ, ಕಣ್ಣು ಮಂಜಾಗಿಲ್ಲ. ನಿರುದ್ಯೋಗಿ!"

ಆ ಮಾತನ್ನು ತಮ್ಮ ಬಗ್ಗೆ ಯಾರಾದರೂ ಅಷ್ಟು ತಲೆಯೆತ್ತಿ ಹೇಳಿಕೊಂಡದ್ದನ್ನು ಅಲ್ಲಿದ್ದವರು ಕೇಳಿರಲಿಲ್ಲ. ಗೋಡೆಗೆ ಒರಗಿದ್ದವರು ನೆಟ್ಟಗೆ ನಿಂತರು.

ರತ್ನಾಸಿ ಕನ್ನಡಕ ತೆಗೆದು ಒರೆಸಿದರು. "ನಾಚಿಕೆಗೆ ಕಾನೂನಿನಲ್ಲಿ ಜಾಗ ಇಲ್ಲ ಇಬು ಇಮಾಸ್. ಸಹಿ ಹಾಕುವಾಗ ಕೆಲಸ ಬಿಡೋ ಇಚ್ಛೆ ನಿಜವಾಗಿ ನಿಮಗಿತ್ತಾ ಇಲ್ವಾ, ನಂಗೆ ಬೇಕಾಗಿರೋದು ಅಷ್ಟೇ. ಅದನ್ನ ಹೇಗೆ ತಿಳ್ಕೊಳ್ಲಿ?" ಎಂದು ಕಾಗದಗಳನ್ನು ಮಗುಚಿದರು. ಬಹಳ ಹೊತ್ತು ಮಗುಚಿದರು. ಆಮೇಲೆ ತಲೆಯೆತ್ತದೆ, ಸುಮ್ಮನೆ ಎಂಬಂತೆ ಕೇಳಿದರು, "ಅಲ್ಲ, ಒಂದು ಮಾತಿಗೆ ಕೇಳ್ತೀನಿ. ನಾಳೆ ಆ ಶೆಡ್ಡಿನ ಬಾಗಿಲು ತೆಗೆದ್ರು ಅಂತಿಟ್ಕೊಳ್ಳಿ..."

"ಯಾವ ಪಾಳಿ ಇಬು?" ಎಂದಳು ಇಮಾಸ್.

ಅದು ವಾದವಾಗಿರಲಿಲ್ಲ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ಕುರ್ಚಿಯಿಂದ ಅರ್ಧ ಎದ್ದಿದ್ದಳು, ಕೈ ತಾನಾಗಿ ತಲೆವಸ್ತ್ರವನ್ನು ಬಿಗಿ ಮಾಡುತ್ತಿತ್ತು.

"ನಂದು ಬೆಳಗಿಂದೇ ಇರ್ಲಿ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಹೋಗೇ, ಬೆಳಗಿಂದು ನಂದು, ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರೋರು ಯಾರು?" ಇದು ವಿವಿನ್. "ರಾತ್ರಿ ಪಾಳಿ ಆದ್ರೂ ಸರಿ, ನಾನು ಬರ್ತೀನಿ!" "ಹಳೇ ಮಗ್ಗನೇ ಕೊಡ್ಬೇಕು ಮತ್ತೆ!" ಅರವತ್ತಮೂರು ಗಂಟಲುಗಳು ಒಟ್ಟಿಗೆ ತೆರೆದುಕೊಂಡವು. ಇಲ್ಲದ ಮಿಲ್ಲಿನ ಇಲ್ಲದ ಪಾಳಿಗಾಗಿ ಹೆಂಗಸರು ಮೈಮರೆತು ಜಗಳವಾಡಿದರು. ಆಚೆ ಕೋಣೆಯ ಗುಮಾಸ್ತರು ಏನು ಹೊಡೆದಾಟವೋ ಎಂದು ಓಡಿ ಬಂದು ಬಾಗಿಲಲ್ಲಿ ನಿಂತರು. ಗುನಾದಿ ಫೋಟೋವನ್ನು ಮೆಲ್ಲಗೆ ಎತ್ತಿ ಫೈಲಿನೊಳಗೆ ಇಟ್ಟುಕೊಂಡ.

ರತ್ನಾಸಿ ಯಾರನ್ನೂ ಗದರಲಿಲ್ಲ. ಗಲಾಟೆ ತಾನಾಗಿ ತಣ್ಣಗಾಗುವವರೆಗೆ ಕಾದು, ಪೆನ್ನು ಎತ್ತಿಕೊಂಡರು.

"ನನ್ನ ಶಿಫಾರಸು ಹತ್ತು ದಿನಕ್ಕೆ ಕೈಸೇರುತ್ತೆ" ಎಂದರು. "ಇಬು ಇಮಾಸ್, ನೀವು ಅರವತ್ತಮೂರು ಅಂದ್ರಿ. ನಾನು ಅರವತ್ತನಾಲ್ಕು ಅಂತ ಬರೀತೀನಿ. ಕೆಲಸ ಬಿಟ್ಟವರು ಅಂತಲ್ಲ, ಕೆಲಸ ಕಳ್ಕೊಂಡವರು ಅಂತ. ಹೆಸರು ಹೇಳಿ, ನಿಮ್ಮಿಂದಲೇ ಶುರು ಮಾಡೋಣ."

ಇಮಾಸ್ ತನ್ನ ಪೂರ್ತಿ ಹೆಸರು ಹೇಳಿದಳು. ಕಸುಬು ಏನೆಂದು ಅವರು ಕೇಳಲಿಲ್ಲ, ಇವಳೇ ಸೇರಿಸಿದಳು: "ನೇಕಾರಳು ಅಂತ ಬರ್ಕೊಳ್ಳಿ." ರತ್ನಾಸಿ ಅದನ್ನೂ ಬರೆದುಕೊಂಡರು. ಕೆಲಸ ಕಳೆದುಕೊಂಡವರ ಆ ಪಟ್ಟಿಯಲ್ಲಿ ಮೊದಲ ಹೆಸರು ಅವಳದು. ಅದನ್ನು ಹೇಳಿಕೊಳ್ಳುವಾಗ ಅವಳು ಇವತ್ತಿಗೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ.